ನೀತಿಯ ಹಸಿವು

ದೇವರ ನ್ಯಾಯ ಭೂಮಿಯ ಮೇಲೆ ನೆಲೆಗೊಳ್ಳಲಿ ಎಂಬುದು ಕ್ರೈಸ್ತ ಧರ್ಮಗ್ರಂಥದಲ್ಲಿ ಉದ್ದಕ್ಕೂ ಕೇಳಿಬರುವ ಹಂಬಲ. ಹೀಬ್ರೂವಿನ ‘ತ್ಸೆದಾಕಾ’, ಗ್ರೀಕಿನ ‘ದಿಕಾಯೊಸೂನೆ’ ಪದಗಳಿಗೆ ಕನ್ನಡ ಬೈಬಲ್‌ನಲ್ಲಿ ಸಾಮಾನ್ಯವಾಗಿ ‘ನೀತಿ’ ಎಂದಿದೆ. ಶಾಲೆಯ ನೀತಿಪಾಠದ ಅರ್ಥ ಇಲ್ಲಿಗೆ ಸಾಲದು. ಬಡವನ ಪಾಲು ಬಡವನಿಗೆ ಸಲ್ಲುವುದೂ ಇದರಲ್ಲಿ ಸೇರಿದೆ.

ಪ್ರವಾದಿ ಆಮೋಸನು ತಕ್ಕಡಿಯಲ್ಲಿ ಮೋಸಮಾಡುವ ವ್ಯಾಪಾರಿಗಳನ್ನು ಬೈಯುತ್ತಾನೆ. ಹಬಕ್ಕೂಕನ ದೂರು ನೇರವಾಗಿ ದೇವರ ಮೇಲೆಯೇ. ಲೂಕನ 18ನೇ ಅಧ್ಯಾಯದ ವಿಧವೆಯಂತೂ ನ್ಯಾಯಾಧೀಶನನ್ನು ಕಾಡಿ ಬೇಡಿ ತೀರ್ಪು ಪಡೆಯುತ್ತಾಳೆ. ಮತ್ತಾಯ 5:6ರಲ್ಲಿ ನೀತಿಗಾಗಿ ಹಸಿದವರು ಧನ್ಯರು; ಲೂಕ 6:21ರಲ್ಲಿ ಬರೀ ಹಸಿದವರು. ಎರಡನ್ನೂ ಜೊತೆಗಿಟ್ಟು ಓದುವುದೇ ಸರಿ.

ಹೈದರಾಬಾದಿನಿಂದ ಸುಮಾರು 100 ಕಿ.ಮೀ. ದೂರದ ಮೆದಕ್‌ನಲ್ಲಿ ಈ ಎರಡು ಹಸಿವುಗಳೂ ಒಂದೇ ಕಟ್ಟಡದಲ್ಲಿ ಕೂಡಿದವು. ನಿಜಾಮರ ಸಂಸ್ಥಾನದ ಈ ಊರಿಗೆ ಬಂದ ವೆಸ್ಲಿಯನ್ ಮಿಷನರಿ ಚಾರ್ಲ್ಸ್ ವಾಕರ್ ಪಾಸ್ನೆಟ್, ಬರಗಾಲದಲ್ಲಿ ಹಳ್ಳಿಗರಿಗೆ ಕೆಲಸ ಕೊಟ್ಟು ಕೂಲಿಯಾಗಿ ಅನ್ನ ಕೊಡಲೆಂದು ದೊಡ್ಡ ದೇವಾಲಯ ಕಟ್ಟಿಸಿದ. ಬಿಟ್ಟಿ ದಾನಕ್ಕಿಂತ ದುಡಿಮೆಯ ಊಟಕ್ಕೆ ಮರ್ಯಾದೆ ಹೆಚ್ಚು. ಕೆಲಸ ಸುಮಾರು ಹತ್ತು ವರ್ಷ ನಡೆಯಿತು. ಪ್ರತಿಷ್ಠೆಯಾದದ್ದು 1924ರ ಡಿಸೆಂಬರ್ 25ರಂದು. ಗೋಪುರದ ಎತ್ತರ 173 ಅಡಿ.

ಒಳಗಿನ ಬಣ್ಣದ ಗಾಜಿನ ಕಿಟಕಿಗಳು ಫ್ರಾಂಕ್ ಸಾಲ್ಸ್‌ಬರಿಯ ಕೃತಿ. ಬಿಸಿಲು ತಾಗಿದಾಗಲೇ ಚಿತ್ರ ಎದ್ದು ಕಾಣುವುದು. ಅನ್ಯಾಯದ ತೀರ್ಪಿಗೆ ಗುರಿಯಾದ ಯೇಸು ಶಿಲುಬೆಯ ಮೇಲಿರುವ ಕಿಟಕಿ 1958ರದು.