ಕಿಟ್ಕಿ ಹಾಕಿ ಮಾರಾಯ್ರೆ!

ಉಡುಪಿಯಿಂದ ಕುಂದಾಪ್ರ ಬದಿಗೆ ಹೋಪ ಬಸ್ಸು ಸಂತೆಕಟ್ಟೆ ಕಳೆದು ಕಲ್ಯಾಣಪುರದ ಸಂಕ ಹತ್ತಿತು ಅಂದ್ರೆ ಸ್ವರ್ಣಾ ಹೊಳಿಯ ಗಾಳಿ ಒಮ್ಮೆಲೇ ಒಳಗೆ ನುಗ್ಗುತ್ತದೆ. ಅಲ್ಲಿವರೆಗೆ ಸೆಕೆಯಲ್ಲಿ ಬೆಂದವರಿಗೆ ಅದು ಸ್ವರ್ಗ. ಆದ್ರೆ ಅದೇ ಹೊತ್ತಿಗೆ ಹಿಂದಿನ ಸೀಟಿನಿಂದ ಒಂದು ಸ್ವರ ಬಂದೇ ಬರ್ತದೆ: "ಹ್ವಾಯ್, ಒಂಚೂರ್ ಕಿಟ್ಕಿ ಹಾಕಿ ಮಾರಾಯ್ರೆ, ಗಾಳಿ ಹೊಡಿತ್ತ್." ಮುಂದಿನವರದ್ದು ತಯಾರಿದ್ದ ಉತ್ತರ: "ಹಾಕ್ರೆ ಉಸ್ರ್ ಕಟ್ಟತ್ತ್." ನಮ್ಮ ಬದಿಯಲ್ಲಿ ಇದು ಕನ್ನಡ, ತುಳು, ಕೊಂಕಣಿ, ಬ್ಯಾರಿ ಅಂತ ನಾಕು ಭಾಷೆಯಲ್ಲಿ ನಡೀಬಹುದು. ಅರ್ಥ ಮಾತ್ರ ಒಂದೇ.

ಸಣ್ಣ ಸಂಗತಿ ಅಂತ ಬಿಟ್ಟುಬಿಡಬಹುದು. ಆದ್ರೆ ಈ ಜಗಳಕ್ಕೆ ನಮ್ಮಲ್ಲಿ ಬಸ್ಸಿನಷ್ಟೇ ವಯಸ್ಸಾಯ್ತು. ಅದರ ಒಳಗೆ ಮಳೆ, ಹೊಗೆ, ಕಾಯಿಲೆ, ಜಾತಿ, ದುಡ್ಡು ಎಲ್ಲ ಸೇರಿಕೊಂಡಿವೆ. ಅದನ್ನೇ ಒಂಚೂರು ಬಿಡಿಸಿ ಕಾಂಬ.

ನಮ್ಮ ಜಿಲ್ಲೆಗೆ ಬಸ್ಸು ಬಂದದ್ದು ಸರ್ಕಾರದಿಂದ ಅಲ್ಲ. ದಕ್ಷಿಣ ಕನ್ನಡ ಮದ್ರಾಸು ಪ್ರಾಂತ್ಯದಲ್ಲಿದ್ದ ಕಾಲ. 1914ರಲ್ಲಿ ಮಂಗಳೂರಿನಲ್ಲಿ ಕೆನರಾ ಪಬ್ಲಿಕ್ ಕನ್ವೇಯನ್ಸ್ ಕಂಪೆನಿ, ಜನರ ಬಾಯಲ್ಲಿ ಸಿಪಿಸಿ, ಶುರುವಾಯ್ತು. ಅದರ ಹಿಂದಿದ್ದವರು ವಿ. ಎಸ್. ಕುಡ್ವರು. ಇದೇ ಕುಡ್ವರು 1925ರಲ್ಲಿ ಉಡುಪಿಯಲ್ಲಿ ಸಿಂಡಿಕೇಟ್ ಬ್ಯಾಂಕ್ ಹುಟ್ಟಿದಾಗಲೂ ಇದ್ದರು. ಆಮೇಲೆ ಬೇರೆ ಬೇರೆ ಕಂಪೆನಿಗಳು ಬಂದವು. 1956ರ ನವೆಂಬರ್ 1ಕ್ಕೆ ನಾವು ಮೈಸೂರು ರಾಜ್ಯಕ್ಕೆ ಸೇರಿದ ಮೇಲೂ ಇಲ್ಲಿ ರಸ್ತೆ ಮೇಲೆ ಹೆಚ್ಚು ಕಾಂಬುದು ಖಾಸಗಿ ಬಸ್ಸೇ. ಹಾಂಗಾಗಿ ಕಿಟ್ಕಿ ಹ್ಯಾಂಗಿರಬೇಕು ಅಂತ ತೀರ್ಮಾನ ಮಾಡಿದವರೂ ಹೆಚ್ಚಾಗಿ ಇಲ್ಲಿನ ಧಣಿಗಳು, ಇಲ್ಲಿನ ಬಾಡಿ ಕಟ್ಟುವವರು.

ಹಳೆಯ ಬಸ್ಸಿನ ಬಾಡಿ ಮರದ್ದು, ಕಿಟ್ಕಿಗೆ ಗಾಜಿಲ್ಲ. ಮೇಲೆ ಸುತ್ತಿ ಕಟ್ಟಿದ ತರ್ಪಾಲು, ಮಳೆ ಬಂದ್ರೆ ಬಿಚ್ಚಿ ಕೆಳಗೆ ಬಿಡುವುದು, ಅಷ್ಟೇ. ವರ್ಷಕ್ಕೆ ನಾಕು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಊರಿಗೆ ಇದೊಂದು ವಿಚಿತ್ರ ವ್ಯವಸ್ಥೆ ಅಂತ ಈಗ ಕಾಣ್ತದೆ. ಆದ್ರೆ ಗಾಜು ದುಬಾರಿ, ಮಣ್ಣಿನ ರಸ್ತೆಯ ಕುಲುಕಾಟಕ್ಕೆ ಒಡೆದು ಹೋಪ ವಸ್ತು. ತರ್ಪಾಲು ಹರಿದ್ರೆ ಹೊಲಿಯಬಹುದು. ಬೇಸಗೆಯಲ್ಲಿ ಕೆಂಪು ಧೂಳು ಒಳಗೆ, ಮಳೆಗಾಲದಲ್ಲಿ ಎರಚಲು ಒಳಗೆ. ಹೊಳೆಗಳಿಗೆ ಸಂಕ ಆಗುವ ಮೊದಲು ಹೊಳಿ ಬಂದಲ್ಲೆಲ್ಲ ಇಳಿದು, ದೋಣಿಯಲ್ಲಿ ದಾಟಿ, ಆಚೆ ದಡದಲ್ಲಿ ಇನ್ನೊಂದು ಬಸ್ಸು ಹತ್ತುವುದು. ದೋಣಿಯಲ್ಲಿ ಹೇಗೂ ಚಂಡಿ ಆಗುವವರಿಗೆ ಬಸ್ಸಿನ ಎರಚಲು ದೊಡ್ಡ ವಿಷಯವೇ ಅಲ್ಲ.

ಎರಡನೇ ಮಹಾಯುದ್ಧದ ಹೊತ್ತಿಗೆ ಪೆಟ್ರೋಲಿಗೆ ರೇಶನ್ ಆಯ್ತು. ಬಸ್ಸಿನ ಹಿಂದೆ ಒಂದು ದೊಡ್ಡ ಉಕ್ಕಿನ ಒಲೆ ಕಟ್ಟಿ, ಅದರಲ್ಲಿ ಇದ್ದಿಲು ಉರಿಸಿ, ಅದರ ಗ್ಯಾಸಿನಲ್ಲಿ ಬಸ್ಸು ಓಡಿಸಿದರು. ಹೊರಡುವ ಮೊದಲು ಒಬ್ಬ ಹುಡುಗ ಹಿಂದೆ ನಿಂತು ಹ್ಯಾಂಡಲ್ ತಿರುಗಿಸಿ ಗಾಳಿ ಊದಬೇಕು. ಆ ಗ್ಯಾಸಿನಲ್ಲಿ ಉರಿಯುವ ಭಾಗ ಹೆಚ್ಚಾಗಿ ಕಾರ್ಬನ್ ಮಾನಾಕ್ಸೈಡು, ಉಸಿರಾಡಿದ್ರೆ ಜೀವಕ್ಕೇ ಅಪಾಯ. ಕಿಟ್ಕಿಗೆ ಗಾಜಿಲ್ಲದ್ದು ಆ ವರ್ಷಗಳಲ್ಲಿ ಎಷ್ಟೋ ಜನರನ್ನು ಕಾದಿರಬೇಕು ಅಂತ ನಂಗೆ ಕಾಣ್ತದೆ.

ಈಗ ಜಗಳದ ಮಾತಿಗೆ ಬಪ್ಪ. ತರ್ಪಾಲಿನ ಕಾಲದಲ್ಲಿ ಕಿಟ್ಕಿ ಜಗಳ ಕಡಿಮೆ ಇದ್ದದ್ದಕ್ಕೆ ಒಂದು ಕಾರಣ ಇದೆ. ನಾನು ಕಂಡ ಬಸ್ಸುಗಳಲ್ಲಿ ಒಂದು ತರ್ಪಾಲು ಎರಡು ಮೂರು ಸೀಟಿಗೆ ಸೇರಿ ಇರ್ತಿತ್ತು. ಬಿಟ್ರೆ ಎಲ್ಲರಿಗೂ ಕತ್ತಲೆ, ಎತ್ತಿದ್ರೆ ಎಲ್ಲರಿಗೂ ಮಳೆ. ಒಬ್ಬರೇ ತೀರ್ಮಾನ ಮಾಡುವ ಹಾಂಗಿಲ್ಲ. ಕಂಡಕ್ಟರ್ ಬಂದು "ಬಿಡುದಾ, ಎತ್ತುದಾ?" ಅಂತ ಕೇಳಿ ಹಗ್ಗ ಬಿಚ್ಚುವುದು. ಆಮೇಲೆ ಮೇಲಿಂದ ಕೆಳಗೆ ಎಳೆಯುವ ಶಟರು ಬಂತು, ಒಂದು ಕಿಟ್ಕಿಗೆ ಒಂದು. ಆಗ ಕಿಟ್ಕಿ ಪಕ್ಕ ಕೂತವರೇ ಅದರ ಯಜಮಾನರಾದರು.

ಅದರ ನಂತರ ಬಂದದ್ದು ಜಾರುವ ಗಾಜು. ಇದೇ ಈಗಿನ ಜಗಳದ ಮೂಲ. ಕಾಣಿ, ಒಂದು ಚೌಕಟ್ಟಿನಲ್ಲಿ ಎರಡು ಗಾಜು. ಮುಂದಿನವರು ಗಾಜನ್ನು ಹಿಂದಕ್ಕೆ ನೂಕಿದ್ರೆ ಅವರಿಗೆ ಗಾಳಿ, ಹಿಂದಿನವರಿಗೆ ಎರಡು ಗಾಜು. ಹಿಂದಿನವರು ಮುಂದಕ್ಕೆ ನೂಕಿದ್ರೆ ಉಲ್ಟಾ. ಎಂತ ಮಾಡಿದ್ರೂ ಅರ್ಧ ಕಿಟ್ಕಿ ಮುಚ್ಚಿಯೇ ಇರ್ತದೆ. ಇಬ್ಬರ ಗುಣ ಸರಿ ಇಲ್ಲ ಅಂತ ಹೇಳುವ ಮೊದಲು ಚೌಕಟ್ಟನ್ನು ಕಾಣ್ಕ್. ಇಬ್ಬರಿಗೆ ಸಾಲದ ಗಾಳಿಯನ್ನು ಇಬ್ಬರ ನಡುವೆ ಇಟ್ಟದ್ದು ಆ ಚೌಕಟ್ಟೇ.

ಇನ್ನು ಮುಚ್ಚಿ ಅನ್ನುವವರ ಪಕ್ಷ. ನಮ್ಮ ಅಮ್ಮಮ್ಮ ಬಸ್ಸು ಹತ್ತುವ ಮೊದಲೇ ಕಿವಿಗೆ ಹತ್ತಿ ಇಟ್ಕೊಂಡು, ಸೆರಗು ತಲೆ ಮೇಲೆ ಎಳ್ಕೊಂಡು ಕೂತ್ಕೊಳ್ತಿದ್ದರು. "ಗಾಳಿ ತಾಗಿದ್ರೆ ತಲಿ ಸಿಡಿತ್ತ್, ಶೀತ ಆತ್ತ್" ಅನ್ನುವುದು ಅವರ ಸಿದ್ಧಾಂತ. ನಮ್ಮ ಮನೆ ಮದ್ದಿನ ಲೆಕ್ಕದಲ್ಲಿ ಬೀಸುಗಾಳಿ ಅಂದ್ರೆ ವಾತ, ಬೆವರಿದ ಮೈಗೆ ಅದು ತಾಗಲೇಬಾರದು. ಇದು ನಮ್ಮವರ ಮೂಢನಂಬಿಕೆ ಅಂತ ನಗಾಡುವುದು ಬೇಡ. ಲೋಕದ ದೊಡ್ಡ ದೊಡ್ಡವರೂ ಇದೇ ಮಾತಿಗೆ ಜಗಳ ಆಡಿದ್ದಾರೆ.

1776ರ ಸೆಪ್ಟೆಂಬರಿನಲ್ಲಿ ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್, ಜಾನ್ ಆಡಮ್ಸ್ ಇಬ್ಬರೂ ಬ್ರಿಟಿಷರ ಜೊತೆ ಸಂಧಾನ ಮಾಡುಕೆ ಹೊರಟಿದ್ದರು. ದಾರಿಯಲ್ಲಿ ನ್ಯೂ ಬ್ರನ್ಸ್‌ವಿಕ್ ಎಂಬ ಊರಿನ ಹೋಟೆಲಿನಲ್ಲಿ ಇಬ್ಬರಿಗೂ ಸೇರಿ ಸಿಕ್ಕಿದ್ದು ಒಂದೇ ಸಣ್ಣ ಕೋಣೆ, ಒಂದೇ ಹಾಸಿಗೆ, ಒಂದೇ ಕಿಟ್ಕಿ. ಆಡಮ್ಸ್ ರಾತ್ರಿ ಗಾಳಿಗೆ ಹೆದರಿ ಕಿಟ್ಕಿ ಮುಚ್ಚಿದರು. ಫ್ರಾಂಕ್ಲಿನ್ ತೆಗೆಯಿರಿ ಅಂದರು. ಶೀತ ಬರುವುದು ತಂಪು ಗಾಳಿಯಿಂದ ಅಲ್ಲ, ಮುಚ್ಚಿದ ಕೋಣೆಯಲ್ಲಿ ಒಬ್ಬರ ಉಸಿರನ್ನು ಇನ್ನೊಬ್ಬರು ಉಸಿರಾಡುವುದರಿಂದ ಅನ್ನುವುದು ಅವರ ವಾದ. ಕಿಟ್ಕಿ ತೆಗೆದು ಅವರು ಅದನ್ನು ವಿವರಿಸುತ್ತಾ ಹೋದರು, ಆಡಮ್ಸ್ ಕೇಳ್ತಾ ಕೇಳ್ತಾ ನಿದ್ದೆ ಹೋದರು. ರೋಗಾಣು ಅನ್ನುವುದನ್ನು ಯಾರೂ ಸರಿಯಾಗಿ ತಿಳಿಯದ ಕಾಲದಲ್ಲಿ ಫ್ರಾಂಕ್ಲಿನ್ ಹೇಳಿದ್ದು ಬಹಳ ಮಟ್ಟಿಗೆ ಸರಿಯೇ ಇತ್ತು.

1859ರಲ್ಲಿ ಫ್ಲಾರೆನ್ಸ್ ನೈಟಿಂಗೇಲ್ ರೋಗಿಯ ಆರೈಕೆ ಬಗ್ಗೆ ಬರೆದ ಪುಸ್ತಕದಲ್ಲೂ ಮೊದಲನೇ ನಿಯಮ ಗಾಳಿಯದ್ದೇ: ರೋಗಿಗೆ ಚಳಿ ಹಿಡಿಸದೆ ಒಳಗಿನ ಗಾಳಿಯನ್ನು ಹೊರಗಿನಷ್ಟೇ ಚೊಕ್ಕ ಇಡಬೇಕು. ನೋಡಿ, ಅಮ್ಮಮ್ಮನ ಭಯಕ್ಕೂ ಅದರಲ್ಲಿ ಜಾಗ ಇದೆ. 1882ರಲ್ಲಿ ರಾಬರ್ಟ್ ಕಾಕ್ ಕ್ಷಯದ ರೋಗಾಣುವನ್ನು ತೋರಿಸಿಕೊಟ್ಟರು. ಕ್ಷಯ ಗಾಳಿಯಲ್ಲಿ ಹರಡುವ ಕಾಯಿಲೆ, ನಮ್ಮ ದೇಶದಲ್ಲಿ ಈಗಲೂ ಹೋಗಿ ಮುಗಿಯದ್ದು. 2007ರಲ್ಲಿ ಪೆರು ದೇಶದ ಲೀಮಾದ ಆಸ್ಪತ್ರೆಗಳಲ್ಲಿ ಒಂದು ಅಳತೆ ನಡೆದದ್ದು ಪ್ರಕಟ ಆಯ್ತು. ಯಂತ್ರದಿಂದ ಗಾಳಿ ಬಿಡುವ ಕೋಣೆಗಳಲ್ಲಿ ಗಂಟೆಗೆ 12 ಸಲ ಗಾಳಿ ಬದಲಾದರೆ, ಬಾಗಿಲು ಕಿಟ್ಕಿ ತೆರೆದಿಟ್ಟ ಕೋಣೆಗಳಲ್ಲಿ 28 ಸಲ. ಎತ್ತರದ ಮಾಡು, ದೊಡ್ಡ ಕಿಟ್ಕಿ ಇದ್ದ ಹಳೇ ಕಟ್ಟಡಗಳಲ್ಲಿ 40 ಸಲ. ಹಳೇ ಕಾಲದವರ ಕಿಟ್ಕಿ ಬರೀ ಚಂದಕ್ಕಲ್ಲ ಅಂತಾಯ್ತು.

ಆದ್ರೆ ನಮ್ಮ ಕರಾವಳಿಯ ಬಸ್ಸಿನಲ್ಲಿ ಗಾಳಿ ಅಂದ್ರೆ ಬರೀ ಆರೋಗ್ಯ ಅಲ್ಲ. ಮಲ್ಪೆಯಿಂದ ಮೀನು ತಕ್ಕೊಂಡು ಊರೂರಿಗೆ ಹೋಪ ಹೆಂಗಸರನ್ನು ನೆನಪು ಮಾಡಿ. ಬುಟ್ಟಿ ಬಸ್ಸಿನೊಳಗೆ ಬಂದ ಕೂಡ್ಲೇ ಕೆಲವರ ಕೈ ಮೂಗಿಗೆ, ಇನ್ನೊಂದು ಕೈ ಕಿಟ್ಕಿಗೆ. ಅಲ್ಲಿವರೆಗೆ ಗಾಳಿ ಬೇಡ ಅಂದವರಿಗೂ ಆಗ ಗಾಳಿ ಬೇಕು. ಬುಟ್ಟಿ ಕಂಡು ಬಸ್ಸು ನಿಲ್ಲಿಸದೆ ಹೋದದ್ದನ್ನೂ, ಸೀಟು ಖಾಲಿ ಇದ್ದರೂ ಹಿಂದಿನ ಬಾಗಿಲ ಹತ್ತಿರ ನಿಲ್ಲಿಸಿದ್ದನ್ನೂ ನಾನು ಕಂಡಿದ್ದೇನೆ. ಟಿಕೇಟು ಮಾತ್ರ ಎಲ್ಲರಷ್ಟೇ, ಬುಟ್ಟಿಗೆ ಬೇರೆ ಲಗೇಜು. ಅದೇ ಬುಟ್ಟಿಯ ಬಂಗುಡೆ ಮಧ್ಯಾಹ್ನ ಮನೆ ಬಾಗಿಲಿಗೆ ಬಂದ್ರೆ "ತಾಜಾ ಉಂಟಾ?" ಅಂತ ಕೇಳುವವರೂ ಅದೇ ಬಸ್ಸಿನವರು. ಗಾಳಿ ಬೇಕು ಅನ್ನುವ ಮಾತು ಎಲ್ಲ ಸಲವೂ ಗಾಳಿಯ ಬಗ್ಗೆ ಆಡಿದ್ದಲ್ಲ.

ಹಾಂಗೆಯೇ ಎಲೆಯಡಿಕೆ. ಮುಂದಿನ ಸೀಟಿನವರು ಹೊರಗೆ ಉಗಿದದ್ದು ಓಡುವ ಬಸ್ಸಿನ ಗಾಳಿಗೆ ಹಿಂದಿನ ಕಿಟ್ಕಿಯಲ್ಲಿ ವಾಪಸು ಬರ್ತದೆ. ಆಗುಂಬೆ ಘಾಟಿಯ 14 ತಿರುವುಗಳಲ್ಲಿ ವಾಂತಿ ಬಪ್ಪವರದ್ದೂ ಇದೇ ಕಥೆ. ಘಾಟಿ ಬಸ್ಸಿನಲ್ಲಿ ಮಾತ್ರ ಒಂದು ಒಳ್ಳೆ ಕ್ರಮ ಕಂಡಿದ್ದೇನೆ: ಹೊಟ್ಟೆ ತೊಳೆಸುವವರಿಗೆ ಕಿಟ್ಕಿ ಬಿಟ್ಟುಕೊಡುವುದಕ್ಕೆ ಯಾರೂ ವಾದ ಮಾಡುವುದಿಲ್ಲ.

ರೈಲು ನಮ್ಮೂರಿಗೆ ತಡವಾಗಿ ಬಂತು. ಮಂಗಳೂರು–ಉಡುಪಿ ನಡುವೆ 1993ರಲ್ಲಿ, ಕೊಂಕಣ ರೈಲಿನ ಇಡೀ ದಾರಿ 1998ರ ಜನವರಿಯಲ್ಲಿ. ರೈಲಿನ ಕಿಟ್ಕಿಗೆ ಗಾಜಿನದ್ದೊಂದು, ಸೀಳು ಇಪ್ಪ ತಗಡಿನದ್ದೊಂದು, ಎರಡು ಶಟರು. ಮಳೆ ತಡೆದು ಗಾಳಿ ಬಿಡುವ ಈ ಬುದ್ಧಿ ಬಸ್ಸಿನವರಿಗೆ ಯಾಕೆ ಬರಲಿಲ್ಲವೋ. ಆದ್ರೆ ಉತ್ತರಕ್ಕೆ ಹೋದ ಹಾಂಗೆ ಸುರಂಗ ಹೆಚ್ಚು. ರತ್ನಗಿರಿ ಬದಿಯ ಕರ್ಬುಡೆ ಸುರಂಗ ಒಂದೇ ಆರೂವರೆ ಕಿಲೋಮೀಟರು. ಡೀಸೆಲ್ ಇಂಜಿನಿನ ಹೊಗೆ ಸುರಂಗದೊಳಗೆ ತುಂಬಿದಾಗ ತೆಗೆಯುವವರೂ ಮುಚ್ಚುವವರೂ ಒಟ್ಟಾಗಿ ಶಟರು ಎಳೆಯುತ್ತಿದ್ದರು. 2022ರ ಜೂನಿನಲ್ಲಿ ಇಡೀ ದಾರಿಗೆ ಕರೆಂಟು ಆದ ಮೇಲೆ ಆ ಹೊಗೆಯೂ ಹೋಯ್ತು, ಆ ಒಗ್ಗಟ್ಟೂ ಹೋಯ್ತು.

ಮತ್ತೆ ಎ.ಸಿ. ಬಸ್ಸು. ಅದರಲ್ಲಿ ಕಿಟ್ಕಿ ತೆಗೆಯುಕೇ ಆಗುವುದಿಲ್ಲ, ಹಾಂಗಾಗಿ ಜಗಳವೂ ಇಲ್ಲ. ಜಾಸ್ತಿ ದುಡ್ಡು ಕೊಟ್ಟವರು ಪಕ್ಕದವರ ಜೊತೆ ಮಾತಾಡುವ ಕೆಲಸ ಒಂದನ್ನು ಉಳಿಸಿಕೊಂಡರು. 2020ರಲ್ಲಿ ಕೊರೊನಾ ಬಂದಾಗ ಲೆಕ್ಕ ತಿರುಗಿತು. ಆ ಮೇ 19ಕ್ಕೆ ರಾಜ್ಯದಲ್ಲಿ ಬಸ್ಸು ಮತ್ತೆ ಹೊರಟಾಗ ಒಂದು ಬಸ್ಸಿಗೆ 30 ಜನರ ಮಿತಿ, ಎ.ಸಿ. ಬಸ್ಸು ಮೊದಲಿಗೆ ಇಲ್ಲ. ದುಬಾರಿ ಗಾಳಿಯೇ ಅಪಾಯದ್ದು, ಪುಕ್ಕಟೆ ಗಾಳಿಯೇ ಮದ್ದು. ಕಿವಿಗೆ ಹತ್ತಿ ಇಟ್ಕೊಳ್ಳುವವರು ಕೂಡ ಆಗ "ಕಿಟ್ಕಿ ತೆಗಿನಿ" ಅಂದದ್ದನ್ನು ನಾನು ಕೇಳಿದ್ದೇನೆ.

ಅದೇ ಸಮಯದಲ್ಲಿ ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದವರು ಓಡುವ ಕಾರಿನೊಳಗೆ ಗಾಳಿ ಹ್ಯಾಂಗೆ ತಿರುಗ್ತದೆ ಅಂತ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿದರು. ಹೆಚ್ಚಾಗಿ ಗಾಳಿ ಹಿಂದಿನ ಕಿಟ್ಕಿಯಿಂದ ಒಳಗೆ ಬಂದು ಮುಂದಿನದ್ದರಿಂದ ಹೊರಗೆ ಹೋಗ್ತದೆ. ಎಲ್ಲ ಕಿಟ್ಕಿ ತೆಗೆದ್ರೆ ಒಳ್ಳೇದು. ಆಗದಿದ್ರೆ, ಹಿಂದೆ ಒಂದು ಬದಿ, ಮುಂದೆ ಇನ್ನೊಂದು ಬದಿ ತೆಗೆದ್ರೂ ಗಾಳಿ ಅಡ್ಡ ಹಾದು ಹೋಗ್ತದೆ. ಬಸ್ಸು ಕಾರಲ್ಲ, ಆದ್ರೆ ಒಂದು ಬುದ್ಧಿ ತಕ್ಕೊಳ್ಳಬಹುದು: ಒಬ್ಬರ ಮುಖಕ್ಕೆ ಹೊಡೆಯುವ ಒಂದು ಕಿಟ್ಕಿ ಪೂರಾ ತೆಗೆಯುವುದಕ್ಕಿಂತ, ಬಸ್ಸಿನ ಉದ್ದಕ್ಕೂ ಎರಡು ಬದಿಯಲ್ಲಿ ನಾಕು ನಾಕು ಬೆರಳು ತೆಗೆದಿಡುವುದು ಒಳ್ಳೆಯದು. ನೈಟಿಂಗೇಲ್ ಹೇಳಿದ ಎರಡೂ ಮಾತು ಅದರಲ್ಲಿ ನಿಲ್ತದೆ.

ಅದಕ್ಕೆ ನಾನು ಬಸ್ಸಿನಲ್ಲಿ ಪಾಲಿಸುವ ಕ್ರಮ ಇಷ್ಟೇ. ಗಾಜಿಗೆ ಕೈ ಹಾಕುವ ಮೊದಲು ಹಿಂದೆ ತಿರುಗಿ "ನಿಮ್ಗೆ ಗಾಳಿ ಜಾಸ್ತಿ ಆತ್ತಾ?" ಅಂತ ಕೇಳುವುದು. ವಯಸ್ಸಾದವರಿಗೆ, ಬಾಣಂತಿ ಮಗುವಿಗೆ ಚಳಿ ಅಂತಾದ್ರೆ ಸೀಟು ಬದಲು ಮಾಡಿಕೊಳ್ಳುವುದು, ಪೂರಾ ಮುಚ್ಚುವುದಲ್ಲ. ಕೆಮ್ಮುವವರು ಹತ್ತಿರ ಇದ್ರೆ ಮಾತ್ರ ನಾಕು ಬೆರಳಿಗೆ ಕಡಿಮೆ ಮಾಡುವುದಿಲ್ಲ, ಯಾರು ಎಷ್ಟು ಗೊಣಗಿದ್ರೂ. ಮೀನಿನ ಬುಟ್ಟಿ ಬಂದ್ರೆ ಒಂಚೂರು ಸರಿದು ಜಾಗ ಮಾಡಿ, ಕೂತ್ಕೊಳ್ಳಿ ಅನ್ನುವುದು. ಹೇಗೂ ಕಿಟ್ಕಿ ತೆರೆದೇ ಇತ್ತಲ್ದಾ.