ನವಿರು ಉಣ್ಣೆಯ ಅಲ್ಪಾಕಾ, ಪೆರು

ದಕ್ಷಿಣ ಪೆರುವಿನ ಎಲ್ ಯರಾಲ್‌ನಲ್ಲಿ ಹಳೆಯ ಮನೆಗಳ ನೆಲದಡಿ ಹೂತಿದ್ದ ಲಾಮಾ, ಅಲ್ಪಾಕಾಗಳು ಸಿಕ್ಕಿವೆ. ಹೆಚ್ಚುಕಡಿಮೆ ಸಾವಿರ ವರ್ಷ ಹಳೆಯವು. ಮರುಭೂಮಿಯ ಒಣಹವೆಯಿಂದ ಚರ್ಮ, ರೋಮ ಕೆಡದೆ ಉಳಿದಿವೆ. ಸಂಶೋಧಕಿ ಜೇನ್ ವೀಲರ್ ಮತ್ತು ಸಂಗಡಿಗರು ಅಳೆದು ನೋಡಿದಾಗ ಕೆಲವು ಅಲ್ಪಾಕಾಗಳ ಎಳೆಯ ದಪ್ಪ ಸುಮಾರು 18 ಮೈಕ್ರಾನ್ ಇತ್ತು, ಅದೂ ಮೈತುಂಬ ಒಂದೇ ಸಮ. ಇಂದಿನ ಮಂದೆಗಳಲ್ಲಿ ಅಂಥ ಸಮತೆ ಅಪರೂಪ.

1532ರಲ್ಲಿ ಸ್ಪೇನಿನವರು ಬಂದ ಮೇಲೆ ಮಂದೆಗಳು ನಾಶವಾದವು. ಹುಲ್ಲುಗಾವಲು ಕುರಿಗಳ ಪಾಲಾಯಿತು. ಅಳಿದುಳಿದ ಅಲ್ಪಾಕಾಗಳು ಆಂಡಿಸ್‌ನ ಎತ್ತರದ ಬಯಲು ಸೇರಿ ಲಾಮಾಗಳೊಂದಿಗೆ ಬೆರಕೆಯಾಗಿ ಆ ಸಮತೆ ಕಳೆದುಕೊಂಡವು.

ಬಣ್ಣದ ಕಥೆ ಬೇರೆ. ಕಪ್ಪು, ಬೂದು, ಕಂದು, ತಿಳಿಕಂದು ಎಲ್ಲವೂ ಹುಟ್ಟಿನಿಂದಲೇ ಬರುವ ಬಣ್ಣಗಳು. ಆದರೆ ಬಿಳಿ ಉಣ್ಣೆಗೆ ಯಾವ ಬಣ್ಣವನ್ನಾದರೂ ಹಾಕಬಹುದೆಂದು ಗಿರಣಿಗಳು ಅದನ್ನೇ ಕೇಳಿದವು, ಸಾಕುವವರು ಅದನ್ನೇ ಬೆಳೆಸಿದರು. ಹಾಗೆಂದು ಬಣ್ಣ ಪೂರ್ತಿ ಅಳಿಯಲಿಲ್ಲ: ಬಿಳಿ ಪ್ರಬಲ ಗುಣವಾದ್ದರಿಂದ ಉಳಿದವು ಅದರಡಿ ಅಡಗಿರುತ್ತವೆ, ಬಿಳಿ ಜೋಡಿಗೆ ಒಮ್ಮೊಮ್ಮೆ ಕಂದು ಮರಿ ಹುಟ್ಟುತ್ತದೆ.

ತಳಿ ಆರಿಸುವವರು ಪ್ರಾಣಿಯ ಪಕ್ಕೆಯ ನಡುಭಾಗದಲ್ಲಿ ರೋಮವನ್ನು ಎರಡೂ ಕೈಗಳಿಂದ ಬುಡದವರೆಗೆ ಬಿಡಿಸಿ ನೋಡುತ್ತಾರೆ. ಹುವಕಾಯಾ ಬಗೆಯಲ್ಲಿ ಒತ್ತೊತ್ತಾದ ಸಣ್ಣ ಅಲೆಗಳಿರಬೇಕು. ಸೂರಿ ಎಂಬ ಇನ್ನೊಂದು ಬಗೆಯಲ್ಲಿ ಎಳೆ ಹೊಳೆಯುತ್ತ ಜಡೆಜಡೆಯಾಗಿ ಇಳಿದಿರಬೇಕು. ಪ್ರಾಣಿಯ ವಯಸ್ಸು, ಮೇವು ಎರಡನ್ನೂ ವಿಚಾರಿಸುವುದು ಕಡ್ಡಾಯ. ಹೊಟ್ಟೆಗಿಲ್ಲದೆ ಸೊರಗಿದ ಅಲ್ಪಾಕಾದ ಎಳೆಯೂ ನವಿರಾಗಿಯೇ ಇರುತ್ತದೆ, ಆ ನವಿರು ಮರಿಗೆ ಬರುವುದಿಲ್ಲ.