‘ಸರ್ವರ್ ಇಲ್ಲ’ ಎಂಬ ಉತ್ತರದ ಹಿಂದೆ

ಪಹಣಿ ಕೇಳಲು ಹೋದ ರೈತನಿಗೆ ಹಿಂದೆ ‘ಶಾನುಭೋಗರು ಊರಲ್ಲಿಲ್ಲ’ ಎಂಬ ಉತ್ತರ ಸಿಗುವುದಿತ್ತು. ಇಂದು ಸಿಗುವ ಉತ್ತರ ‘ಸರ್ವರ್ ಇಲ್ಲ’. ಈ ಎರಡು ಮಾತುಗಳ ನಡುವಿನ ಅವಧಿಯಲ್ಲಿ ದಾಖಲೆ ಇಡುವ ಕ್ರಮವೇ ಬದಲಾಗಿ ಹೋಗಿದೆ. ಆದರೆ ಕೇಳುವವನಿಗೂ ದಾಖಲೆಗೂ ನಡುವಿನ ಕೊಂಡಿ ಕಳಚಿದೆ ಎಂಬ ಅರ್ಥ ಮಾತ್ರ ಎರಡಕ್ಕೂ ಒಂದೇ.

ದಾಖಲೆ ಒಂದೆಡೆ, ಅದನ್ನು ಬಳಸುವವರು ಇನ್ನೊಂದೆಡೆ ಎಂಬ ಏರ್ಪಾಡು ಬಹಳ ಹಳೆಯದು. ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿದ್ದ ಪಂಡಿತ ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಬೆಳಕಿಗೆ ತಂದು, 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ‘ಅಕ್ಷಪಟಲ’ದ ವಿವರಣೆ ಇದೆ. ಇದು ಲೆಕ್ಕಪತ್ರಗಳ ಕಚೇರಿ. ಅದರ ಬಾಗಿಲು ಯಾವ ದಿಕ್ಕಿಗಿರಬೇಕು, ಕರಣಿಕರ ಆಸನಗಳು ಹೇಗೆ ಪ್ರತ್ಯೇಕವಾಗಿರಬೇಕು, ಪುಸ್ತಕಗಳನ್ನು ಎಲ್ಲಿ ಜೋಡಿಸಿಡಬೇಕು ಎಂಬುದನ್ನೆಲ್ಲ ಆ ಗ್ರಂಥ ಹೇಳುತ್ತದೆ.

ನಮ್ಮ ಹಳ್ಳಿಗಳಲ್ಲಿ ಈ ಅಂತರ ಇಷ್ಟಿರಲಿಲ್ಲ. ಲೆಕ್ಕ ಬರೆಯುವವರೂ ಕಾಯುವವರೂ ಶಾನುಭೋಗರೇ. 1961ರ ಗ್ರಾಮಾಧಿಕಾರ ರದ್ದತಿ ಕಾನೂನಿನಿಂದ ಆ ವಂಶಪಾರಂಪರ್ಯ ಹುದ್ದೆ ಕೊನೆಗೊಂಡು, ಕೆಲಸ ಗ್ರಾಮ ಲೆಕ್ಕಿಗರ ಕೈಗೆ ಬಂತು. ರಾಜ್ಯದಲ್ಲಿ ಸುಮಾರು ಒಂಬತ್ತು ಸಾವಿರ ಲೆಕ್ಕಿಗರು ಕೈಬರಹದಲ್ಲೇ ಪಹಣಿ ಇಡುತ್ತಿದ್ದರು. ತಿದ್ದುಪಡಿ ನಡೆದರೂ ಪುಸ್ತಕ ಒಬ್ಬರ ಬಳಿಯೇ ಇದ್ದುದರಿಂದ ಅದನ್ನು ಕಂಡುಹಿಡಿಯುವುದು ಕಷ್ಟವಾಗಿತ್ತು.

ಇದನ್ನು ಬದಲಿಸಿದ್ದು ‘ಭೂಮಿ’ ಯೋಜನೆ. 2000ದ ಆಸುಪಾಸಿನಲ್ಲಿ ಸುಮಾರು 67 ಲಕ್ಷ ರೈತರಿಗೆ ಸೇರಿದ ಎರಡು ಕೋಟಿ ಪಹಣಿಗಳು ಗಣಕಕ್ಕೇರಿದವು. ಅಂದಿನ 177 ತಾಲ್ಲೂಕುಗಳಲ್ಲಿ ಹದಿನೈದು ರೂಪಾಯಿ ಕೊಟ್ಟರೆ ಅಚ್ಚಾದ ಪ್ರತಿ ಕೈಗೆ ಬರತೊಡಗಿತು. ಮೊದಲಿಗೆ ಆಯಾ ತಾಲ್ಲೂಕಿನ ದಾಖಲೆ ಆಯಾ ಕಚೇರಿಯ ಗಣಕದಲ್ಲೇ ಇತ್ತು. ನಂತರ ಅದೆಲ್ಲ ಬೆಂಗಳೂರಿನ ರಾಜ್ಯ ದತ್ತಾಂಶ ಕೇಂದ್ರ ಸೇರಿತು. ಇದರಿಂದ ಎಲ್ಲಿ ಬೇಕಾದರೂ ಪಹಣಿ ಪಡೆಯುವ ಅನುಕೂಲವಾಯಿತು. ಆದರೆ ಮೈಸೂರಿನ ನಜರಬಾದಿನ ಮಿನಿ ವಿಧಾನಸೌಧದಲ್ಲಿ ಕೇಳಿದ ಪಹಣಿಯೂ ಈಗ ದೂರದ ತಂತಿಯ ಮೇಲೆ ಬರಬೇಕಾಯಿತು.

ಗಣಕ ಪ್ರಪಂಚದಲ್ಲೂ ನಡೆದದ್ದು ಇಂಥದೇ ಕಥೆ. 1970ರಲ್ಲಿ ಐಬಿಎಂ ಸಂಸ್ಥೆಯ ಎಡ್ಗರ್ ಕಾಡ್ ಒಂದು ಹೊಸ ವಿಚಾರ ಮಂಡಿಸಿದರು. ಮಾಹಿತಿಯನ್ನು ಯಂತ್ರದೊಳಗೆ ಹೇಗೆ ಜೋಡಿಸಿಟ್ಟಿದೆ ಎಂಬುದು ಅದನ್ನು ಕೇಳುವವನಿಗೆ ತಿಳಿದಿರಬೇಕಾಗಿಲ್ಲ ಎಂಬುದೇ ಅದರ ತಿರುಳು. ಇಂದಿನ ಬಹುಪಾಲು ಡೇಟಾಬೇಸ್‌ಗಳಿಗೆ ಇದೇ ತಳಹದಿ. ಮುಂದೆ ಡೇಟಾಬೇಸ್ ಒಂದು ಯಂತ್ರಕ್ಕೂ, ಅದನ್ನು ಬಳಸುವ ತಂತ್ರಾಂಶ ಇನ್ನೊಂದು ಯಂತ್ರಕ್ಕೂ ಹೋದವು. 1992ರಲ್ಲಿ ಮೈಕ್ರೋಸಾಫ್ಟ್ ಹೊರತಂದ ಓಡಿಬಿಸಿ, ಬೇರೆ ಬೇರೆ ಡೇಟಾಬೇಸ್‌ಗಳನ್ನು ಒಂದೇ ರೀತಿಯಲ್ಲಿ ಸಂಪರ್ಕಿಸುವ ದಾರಿಯನ್ನು ಕೊಟ್ಟಿತು. ಎರಡರ ನಡುವೆ ಸಂಪರ್ಕ ಬೇಕಾದ ಮೇಲೆ ಸಂಪರ್ಕದೋಷವೂ ಹುಟ್ಟಿತು.

ದೋಷ ಒಂದೇ ಬಗೆಯದಲ್ಲ. ತಂತ್ರಾಂಶ ಮೊದಲು ಸರ್ವರ್‌ನ ವಿಳಾಸ ಹುಡುಕಬೇಕು. ನಂತರ ಗೊತ್ತಾದ ಬಾಗಿಲನ್ನು ತಟ್ಟಬೇಕು. ಈ ಬಾಗಿಲಿಗೆ ‘ಪೋರ್ಟ್’ ಎಂದು ಹೆಸರು. ಎಸ್‌ಕ್ಯೂಎಲ್ ಸರ್ವರ್‌ಗೆ ರೂಢಿಯ ಸಂಖ್ಯೆ 1433, ಪೋಸ್ಟ್‌ಗ್ರೆಸ್‌ಗೆ 5432. ಬಾಗಿಲು ತೆರೆದ ಮೇಲೆ ಹೆಸರು, ಗುಪ್ತಪದ ಒಪ್ಪಿಸಬೇಕು. ಕೊನೆಗೆ ಒಳಗೆ ಜಾಗವಿರಬೇಕು. ಈ ನಾಲ್ಕು ಮೆಟ್ಟಿಲುಗಳಲ್ಲಿ ಎಲ್ಲಿ ಎಡವಿದರೂ ಹೊರಗೆ ಕಾಣುವುದು ‘ಸರ್ವರ್ ಇಲ್ಲ’ ಎಂಬ ಒಂದೇ ಫಲಿತಾಂಶ.

ಎಡವಿದ್ದೆಲ್ಲಿ ಎಂದು ತಿಳಿಯಲು ಅನುಭವಿ ತಂತ್ರಜ್ಞರು ಮೊದಲು ನೋಡುವುದು ಉತ್ತರ ಬಂದ ಬಗೆಯನ್ನು. ಬಾಗಿಲು ತಟ್ಟಿದ ತಕ್ಷಣ ನಿರಾಕರಣೆ ಬಂದರೆ ಯಂತ್ರ ಬದುಕಿದೆ, ಡೇಟಾಬೇಸ್ ಮಾತ್ರ ನಿಂತಿರಬಹುದು, ಇಲ್ಲವೇ ಪೋರ್ಟ್ ಸಂಖ್ಯೆ ತಪ್ಪಿರಬಹುದು. ಬಹಳ ಹೊತ್ತು ಕಾದರೂ ಉತ್ತರವೇ ಬಾರದಿದ್ದರೆ ದಾರಿಯಲ್ಲಿ ತಂತಿ ಕಡಿದಿರಬಹುದು ಅಥವಾ ಕಾವಲು ವ್ಯವಸ್ಥೆ ತಡೆದಿರಬಹುದು. ಗುಪ್ತಪದ ಒಪ್ಪಿಗೆಯಾಗಿಲ್ಲ ಎಂದರೆ ದಾರಿ, ಯಂತ್ರ ಎರಡೂ ಸರಿಯಾಗಿವೆ. ಡೇಟಾಬೇಸ್‌ನಲ್ಲಿ ಗುಪ್ತಪದ ಬದಲಿಸಿ, ತಂತ್ರಾಂಶದಲ್ಲಿ ಬದಲಿಸಲು ಮರೆತದ್ದೇ ಹಲವು ಬಾರಿ ಇದಕ್ಕೆ ಕಾರಣ.

ಎಲ್ಲಕ್ಕಿಂತ ಕಾಡುವುದು ಜಾಗದ ಸಮಸ್ಯೆ. ಡೇಟಾಬೇಸ್ ಏಕಕಾಲಕ್ಕೆ ಇಷ್ಟೇ ಸಂಪರ್ಕ ಎಂಬ ಮಿತಿ ಇಟ್ಟುಕೊಂಡಿರುತ್ತದೆ. ಪೋಸ್ಟ್‌ಗ್ರೆಸ್‌ನಲ್ಲಿ ಯಾರೂ ಬದಲಿಸದಿದ್ದರೆ ಅದು ನೂರು. ತಂತ್ರಾಂಶ ಪ್ರತಿ ಬಾರಿ ಸಂಪರ್ಕ ತೆರೆದು, ಕೆಲಸ ಮುಗಿದ ಮೇಲೆ ಮುಚ್ಚದೆ ಬಿಟ್ಟರೆ ಒಂದೊಂದಾಗಿ ಎಲ್ಲವೂ ಭರ್ತಿಯಾಗುತ್ತವೆ. ಮುಂಜಾನೆ ಸುಗಮವಾಗಿದ್ದ ಕೆಲಸ ಜನ ಸೇರುವ ಹೊತ್ತಿಗೆ ನಿಲ್ಲುತ್ತದೆ. ಯಂತ್ರವನ್ನು ನಿಲ್ಲಿಸಿ ಮತ್ತೆ ಆರಂಭಿಸಿದರೆ ಸರಿಹೋದಂತೆ ಕಾಣುತ್ತದೆ. ಮರುದಿನ ಅದೇ ಪಾಡು. ಮಿತಿ ಹೆಚ್ಚಿಸುವುದು ಇದಕ್ಕೆ ಮದ್ದಲ್ಲ. ಕೆಲಸ ಕೆಟ್ಟರೂ ಸಂಪರ್ಕ ಮುಚ್ಚುವಂತೆ ತಂತ್ರಾಂಶವನ್ನೇ ತಿದ್ದಬೇಕು, ಕೆಲವೇ ಸಂಪರ್ಕಗಳನ್ನು ಸರದಿಯಂತೆ ಹಂಚಿಕೊಳ್ಳುವ ಏರ್ಪಾಡು ಮಾಡಬೇಕು.

ಹೀಗೆ ಪ್ರತಿ ದೋಷಕ್ಕೂ ಹೊಣೆಗಾರರು ಬೇರೆ. ತಂತಿಗೆ ಒಬ್ಬರು, ಡೇಟಾಬೇಸ್‌ಗೆ ಇನ್ನೊಬ್ಬರು, ತಂತ್ರಾಂಶ ಬರೆದವರು ಮತ್ತೊಬ್ಬರು. ‘ಸರ್ವರ್ ಇಲ್ಲ’ ಎಂಬ ಮಾತು ಈ ಮೂವರನ್ನೂ ಮರೆಮಾಡುತ್ತದೆ. ಶಾನುಭೋಗರು ಊರಲ್ಲಿಲ್ಲವೆಂದರೆ ಎಲ್ಲಿಗೆ ಹೋಗಿದ್ದಾರೆಂದು ಕೇಳಬಹುದಿತ್ತು. ಸರ್ವರ್ ಎಲ್ಲಿಗೆ ಹೋಯಿತೆಂದು ರೈತ ಯಾರನ್ನು ಕೇಳಬೇಕು? ಯಾವ ಮೆಟ್ಟಿಲಲ್ಲಿ, ಎಷ್ಟು ಗಂಟೆಗೆ ತೊಡಕಾಯಿತು ಎಂಬುದನ್ನು ತಂತ್ರಾಂಶವೇ ಬರೆದಿಡುವಂತೆ ಮಾಡುವುದು ಕಷ್ಟದ ಕೆಲಸವಲ್ಲ. ಗುಪ್ತಪದ ಮಾತ್ರ ಅದರಲ್ಲಿ ಸೇರದಂತೆ ಎಚ್ಚರ ವಹಿಸಬೇಕು. ಬೆಳೆಸಾಲಕ್ಕೆ ಪಹಣಿ ಬೇಕೆಂದು ಒಂದು ದಿನದ ಕೂಲಿ ಬಿಟ್ಟು ಬಂದವನಿಗೆ, ಮಧ್ಯಾಹ್ನದವರೆಗೆ ಕಾಯಬೇಕೋ ನಾಳೆ ಬರಬೇಕೋ ಎಂಬುದನ್ನಾದರೂ ಆಗ ಹೇಳಲು ಸಾಧ್ಯವಾದೀತು.